ಪಿಸಿವಿ ಲಸಿಕೆ: ಎದೆಗೆ ಐದು ಸ್ಟಾರ್, ಕಿವಿಗೆ ಮೂರು

ನನ್ನದು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಪಂಪ್‌ಸೆಟ್ ಸಾಮಾನಿನ ಸಣ್ಣ ಅಂಗಡಿ. ದಿನಾ ಬರುವ ಗಿರಾಕಿಗಳ ಪ್ರಶ್ನೆ ಒಂದೇ, ಗ್ಯಾರಂಟಿ ಎಷ್ಟು. ಮಗನಿಗೆ ಲಸಿಕೆ ಹಾಕಿಸುವಾಗ ನನ್ನ ಬಾಯಿಂದಲೂ ಅದೇ ಬಂತು. ಸಿಸ್ಟರ್ ನಕ್ಕು, "ಗ್ಯಾರಂಟಿ ಕಾರ್ಡ್ ಇದೇ ನೋಡ್ರಿ, ಕಳೀಬ್ಯಾಡ್ರಿ" ಎಂದು ತಾಯಿ ಕಾರ್ಡ್ ಕೈಗೆ ಕೊಟ್ಟರು. ಎರಡೂವರೆ ವರ್ಷ ಬಳಸಿ ನೋಡಿದ ಮೇಲೆ ಈ ರಿವ್ಯೂ ಬರೆಯುತ್ತಿದ್ದೇನೆ. ಬಳಸಿದ್ದು ಮಗ, ಬರೆಯುತ್ತಿರುವುದು ನಾನು, ಅಷ್ಟೇ ವ್ಯತ್ಯಾಸ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಪಿಸಿವಿ ಅಂದರೆ ನ್ಯುಮೋಕಾಕಲ್ ಕಾಂಜುಗೇಟ್ ವ್ಯಾಕ್ಸಿನ್. ಇಷ್ಟುದ್ದ ಹೆಸರು ಯಾರೂ ಹೇಳುವುದಿಲ್ಲ, ಎಲ್ಲರೂ "ನ್ಯುಮೋನಿಯಾದ್ದು" ಅನ್ನುತ್ತಾರೆ. ಸರ್ಕಾರಿ ಪಟ್ಟಿಯಲ್ಲಿ ಮೂರು ಡೋಸ್. ಒಂದೂವರೆ ತಿಂಗಳಿಗೆ ಒಂದು, ಮೂರೂವರೆ ತಿಂಗಳಿಗೆ ಇನ್ನೊಂದು, ಒಂಬತ್ತು ತಿಂಗಳಿಗೆ ಕೊನೆಯದು. ಬೆಲೆ ಸೊನ್ನೆ. ನಮ್ಮ ದೊಡ್ಡವಳು 2015ರಲ್ಲಿ ಹುಟ್ಟಿದಾಗ ಇದು ಸರ್ಕಾರಿ ಪಟ್ಟಿಯಲ್ಲೇ ಇರಲಿಲ್ಲ. ಖಾಸಗಿಯಲ್ಲಿ ವಿಚಾರಿಸಿದರೆ ಒಂದು ಡೋಸಿಗೆ ಮೂರು ಸಾವಿರದ ಮೇಲೆ ಹೇಳಿದರು. ಆಗ ಅಂಗಡಿ ಹೊಸದು, ಬಾಡಿಗೆ ಕಟ್ಟುವುದೇ ಕಷ್ಟ, ಬಿಟ್ಟುಬಿಟ್ಟೆವು. 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಸರ್ಕಾರ ಇದನ್ನು ಶುರು ಮಾಡಿತು. ದೇಶಕ್ಕೆಲ್ಲ ವಿಸ್ತರಿಸಿದ್ದು 2021ರ ಕೊನೆಯಲ್ಲಿ. ಸಣ್ಣವನು ಹುಟ್ಟಿದ್ದು 2022ರ ಜನವರಿ. ಸರಿಯಾಗಿ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬಂದ ಗಿರಾಕಿ.

ಸರ್ವಿಸ್ ಬಗ್ಗೆ ಹೇಳಬೇಕೆಂದರೆ ನನಗೆ ತುಂಬಾ ಹಿಡಿಸಿತು. ಗುರುವಾರ ಬೆಳಿಗ್ಗೆ ಹೋದೆವು. ಗದ್ದಲ ಇತ್ತು, ಬೆಂಚು ಸಾಲದೆ ಅರ್ಧ ಜನ ಮೆಟ್ಟಿಲ ಮೇಲೆ ಕೂತಿದ್ದರು, ಒಂದು ಕೂಸು ಅತ್ತರೆ ಉಳಿದ ಹದಿನೈದೂ ಶುರು ಮಾಡುತ್ತಿದ್ದವು. ಆದರೆ ಸಿಸ್ಟರ್ ಕೈ ಮಾತ್ರ ಒಂದು ಸಲವೂ ಅವಸರ ಮಾಡಲಿಲ್ಲ. ನಾನು ಸಾಮಾನು ಮಾರುವವನು, ಲೇಬಲ್ ನೋಡುವ ಚಟ. ಐಸ್ ಪೆಟ್ಟಿಗೆಯಿಂದ ತೆಗೆದ ಸಣ್ಣ ಬಾಟಲಿಯ ಮೇಲೆ ಒಂದು ಬಣ್ಣದ ದುಂಡು ಗುರುತು, ಅದರೊಳಗೆ ಒಂದು ಬಿಳಿ ಚೌಕ ಕಾಣಿಸಿತು. ಏನದು ಅಂತ ಕೇಳಿದೆ. "ಒಳಗಿನ ಚೌಕ ಹೊರಗಿನ ಬಣ್ಣಕ್ಕಿಂತ ತೆಳು ಇರಬೇಕ್ರಿ. ಬಿಸಿಲಿಗೆ ಸಿಕ್ಕಿದ್ರ ಚೌಕ ಕಪ್ಪಾಕ್ಕೋತ ಹೊಕ್ಕೈತಿ. ಎರಡೂ ಒಂದ ಬಣ್ಣ ಆತಂದ್ರ ನಾವು ಹಾಕಂಗಿಲ್ಲ." ಬಾಟಲಿಯನ್ನು ನನ್ನ ಕಣ್ಣ ಮುಂದೆ ಹಿಡಿದು ತೋರಿಸಿದರು. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲಿ ಇಂಥದ್ದೊಂದು ಗುರುತು ಇರುವುದು ಎಷ್ಟು ಜಾಣತನ ಅಲ್ವಾ? ನಮ್ಮ ಮೋಟರ್ ವೈಂಡಿಂಗಿಗೂ ಹೀಗೊಂದು ಚೌಕ ಅಂಟಿಸಿದ್ದರೆ ಅರ್ಧ ಜಗಳ ಕಡಿಮೆ ಆಗುತ್ತಿತ್ತು.

ಪಿಸಿವಿಯನ್ನು ಬಲ ತೊಡೆಗೆ ಹಾಕುತ್ತಾರೆ, ಐದು ರೋಗಕ್ಕೆ ಒಂದೇ ಸೂಜಿಯಾದ ಪೆಂಟಾವೇಲೆಂಟ್ ಎಡ ತೊಡೆಗೆ. ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡರು. ರಾತ್ರಿ ಮೈ ಬಿಸಿ ಆಯಿತು, ಸೂಜಿ ಚುಚ್ಚಿದ ಜಾಗ ಸ್ವಲ್ಪ ಗಟ್ಟಿ ಆಯಿತು, ಎರಡನೇ ದಿನಕ್ಕೆ ಹುಡುಗ ಎಂದಿನಂತೆ ಚೀರಾಡುತ್ತಿದ್ದ. ಮೂರೂ ಡೋಸಿನ ಕಥೆ ಇಷ್ಟೇ.

ಈಗ ಕಿವಿಗೆ ಬರುತ್ತೇನೆ. ಸಿಸ್ಟರ್ ಹೇಳಿದ್ದು ಇದು ನ್ಯುಮೋನಿಯಾ, ಮಿದುಳಿನ ಪೊರೆಯ ಜ್ವರ ಮತ್ತು ರಕ್ತದ ನಂಜಿಗೆ ಅಂತ. "ಕಿವಿ ಸೋರೂದೂ ಕಡಿಮಿ ಆಕ್ಕೈತ್ರಿ" ಅಂತ ಒಂದು ಮಾತು ಸೇರಿಸಿದ್ದರು. ನನ್ನ ತಲೆಯಲ್ಲಿ ಕೂತದ್ದು ಆ ಕೊನೆಯ ಮಾತೊಂದೇ, ಯಾಕಂದರೆ ದೊಡ್ಡವಳ ಕಿವಿ ನಮ್ಮನ್ನು ಎರಡು ವರ್ಷ ಕಾಡಿತ್ತು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಹಳದಿ ಕಲೆ. ಅವ್ವ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. ಒಂದು ಔಷಧಿ ಅಂಗಡಿಯವನಂತೂ ಮಗುವಿನ ಮುಖ ಸಹ ನೋಡದೆ, ನಾನು "ಕಿವಿ" ಅನ್ನುವುದರೊಳಗೆ ಡ್ರಾಪ್ಸ್ ತೆಗೆದು ಕೌಂಟರ್ ಮೇಲೆ ಇಟ್ಟಿದ್ದ. ಕೊನೆಗೆ ಕಿವಿ ಡಾಕ್ಟರ್ ನೋಡಿ ತಮಟೆಯಲ್ಲಿ ತೂತು ಇದೆ ಅಂದರು. ಹೀಗೆ ವರ್ಷಗಟ್ಟಲೆ ಸೋರುವ ಕಿವಿಯಲ್ಲಿ ಸೇರಿಕೊಳ್ಳುವುದು ಬೇರೆಯೇ ಬ್ಯಾಕ್ಟೀರಿಯಾಗಳು, ಸ್ಯುಡೋಮೋನಾಸ್, ಸ್ಟೆಫಿಲೊಕಾಕಸ್ ಥರದವು. ಹೊರಗಿನ ನೀರು, ಎಣ್ಣೆ ಒಳಗೆ ಹೋಗದಂತೆ ಕಾಯುವುದೇ ಅರ್ಧ ಚಿಕಿತ್ಸೆ. ವ್ಯಾಸಲೀನ್ ಸವರಿದ ಹತ್ತಿ ಇಟ್ಟು ಒಂದು ವರ್ಷ ತಲೆಸ್ನಾನ ಮಾಡಿಸಿದೆವು. ತೂತು ಮುಚ್ಚಿಕೊಂಡಿತು, ಪುಣ್ಯ.

ಹಾಗಾಗಿ ಸಣ್ಣವನಿಗೆ ಮೂರನೇ ಡೋಸ್ ಮುಗಿದ ದಿನ ನಾನು ಹೆಂಡತಿಗೆ ಹೇಳಿದ್ದೆ, ಇನ್ನು ಇವನ ಕಿವಿ ತಂಟೆ ಮುಗೀತು. ಎಂಥಾ ಮಾತು! 2024ರ ಆಗಸ್ಟ್, ಮಳೆ ಹಿಡಿದುಕೊಂಡಿತ್ತು, ನಾಲ್ಕು ದಿನದ ನೆಗಡಿ ಆದ ಮೇಲೆ ರಾತ್ರಿ ಎರಡಕ್ಕೆ ಹುಡುಗ ಎದ್ದು ಕೂತು ಎರಡೂ ಕಿವಿ ಹಿಡಿದುಕೊಂಡು ಕಿರುಚಿದ. ಜ್ವರ 103. ಬೆಳಿಗ್ಗೆ ನೋಡಿದರೆ ಕಣ್ಣು ಬೇರೆ ಗೀಜು ಕಟ್ಟಿ ಅಂಟಿಕೊಂಡಿದೆ. ನನಗೆ ಬಂದ ಮೊದಲ ಯೋಚನೆ ನಮ್ಮ ಗಿರಾಕಿಗಳದ್ದೇ: ಗ್ಯಾರಂಟಿ ಇದ್ದ ಮಾಲು ಕೈಕೊಟ್ಟಿತು.

ವಿದ್ಯಾನಗರ ಕಡೆ ಒಬ್ಬ ಕಿವಿ ಡಾಕ್ಟರ್ ಮೇಡಂ ಹತ್ತಿರ ಹೋದೆವು. ಅವರು ಕಿವಿಗಿಂತ ಮೊದಲು ಕಣ್ಣು ನೋಡಿದರು. "ಗೀಜು ಯಾವಾಗಿಂದ?" ಅಂದರು. ಆಮೇಲೆ ಸಣ್ಣ ಕ್ಯಾಮೆರಾ ಕಿವಿಗೆ ಇಟ್ಟು ಪರದೆಯ ಮೇಲೆ ತೋರಿಸಿದರು. ಆರೋಗ್ಯವಾಗಿದ್ದರೆ ತಮಟೆ ಬೂದು ಬಣ್ಣಕ್ಕೆ, ತೆಳ್ಳಗೆ, ಸ್ವಲ್ಪ ಹೊಳೆಯುತ್ತದಂತೆ. ಇವನದ್ದು ಕೆಂಪಗೆ, ಎಣ್ಣೆಯಲ್ಲಿ ಉಬ್ಬುತ್ತಿರುವ ಪೂರಿ ಹಾಗೆ ಹೊರಗೆ ಚಾಚಿತ್ತು, ಹಿಂದೆ ಕೆನೆ ಬಣ್ಣದ ಕೀವು. ಅದನ್ನು ನೋಡಿದ ಮೇಲೆ ಹುಡುಗ ಯಾಕೆ ಹಾಗೆ ಕಿರುಚಿದ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ.

"ಮೂರೂ ಡೋಸ್ ಹಾಕ್ಸೇವ್ರಿ ಮೇಡಂ, ಆದ್ರೂ ಹಿಂಗಾತಲ್ರಿ" ಅಂದೆ. ಅವರು ಚೀಟಿ ಬರೆಯುತ್ತಲೇ, "ನೀವು ಹಾಕಿಸಿದ್ದು ಒಬ್ಬ ಕಳ್ಳನಿಗೆ. ಮನಿಗೆ ಬಂದಾಂವ ಇನ್ನೊಬ್ಬ ಇರಬೇಕು" ಅಂದರು. ಈ ಒಂದು ಮಾತಿಗಾಗಿ ಆ ಮೇಡಂ ಕನ್ಸಲ್ಟೇಶನ್ ಫೀ ಪೂರ್ತಿ ವಸೂಲಾಯಿತು ಅಂತ ನನ್ನ ಲೆಕ್ಕ.

ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಮಕ್ಕಳಿಗೆ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿ ಬಂದು ಅದು ಊದಿಕೊಂಡರೆ ಮೂಗಿನಲ್ಲಿ ಮೊದಲೇ ಬೀಡುಬಿಟ್ಟ ಬ್ಯಾಕ್ಟೀರಿಯಾ ನಡುಗಿವಿಗೆ ನುಗ್ಗುತ್ತವೆ. ನುಗ್ಗುವವರಲ್ಲಿ ಮುಖ್ಯರು ಮೂವರು: ನ್ಯುಮೋಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ. ಪಿಸಿವಿ ಹಿಡಿಯುವುದು ಮೊದಲನೆಯವನನ್ನು ಮಾತ್ರ. ಅವನನ್ನೂ ಪೂರ್ತಿ ಅಲ್ಲ. ನ್ಯುಮೋಕಾಕಸ್ ಮೈಮೇಲೆ ಸಕ್ಕರೆಯಿಂದ ಮಾಡಿದ ಒಂದು ಅಂಗಿ ಇರುತ್ತದೆ, ಅಂಥ ಅಂಗಿಗಳಲ್ಲಿ ಸುಮಾರು ನೂರು ನಮೂನೆ. ಲಸಿಕೆ ನಮ್ಮ ಮೈಗೆ ಹತ್ತೋ ಹದಿಮೂರೋ ನಮೂನೆಯ ಅಂಗಿ ಗುರುತು ಹಿಡಿಯುವುದನ್ನು ಕಲಿಸುತ್ತದೆ. ಹೆಚ್ಚು ಕಾಡುವ ನಮೂನೆಗಳನ್ನೇ ಆರಿಸಿರುತ್ತಾರೆ ನಿಜ. ಉಳಿದವರು ಬೇರೆ ಅಂಗಿ ತೊಟ್ಟು ಆರಾಮಾಗಿ ಓಡಾಡುತ್ತಾರೆ.

ಎರಡನೆಯವನ ಕಥೆ ಇನ್ನೂ ಮಜಾ. ಪೆಂಟಾವೇಲೆಂಟ್‌ನಲ್ಲಿ ಹೀಮೋಫಿಲಸ್ ಇದೆ ಅಲ್ವಾ, ಅದೂ ಹಾಕಿಸಿದ್ದೇವಲ್ಲ ಅಂತ ನಾನು ಮೇಡಂಗೆ ಕೇಳಿದೆ. ಇದೆ, ಆದರೆ ಅದು "ಬಿ" ಎಂಬ ಅಂಗಿ ತೊಟ್ಟವನಿಗೆ ಮಾತ್ರ. ಕಿವಿಗೆ ಬರುವ ಹೀಮೋಫಿಲಸ್ ಹೆಚ್ಚಾಗಿ ಅಂಗಿಯೇ ಇಲ್ಲದ ಬರಿಮೈಯವನು. ಗುರುತು ಹಿಡಿಯಲು ಅಂಗಿಯೇ ಇಲ್ಲದಿದ್ದರೆ ಲಸಿಕೆ ಯಾರನ್ನು ಹಿಡಿಯಬೇಕು? ಕಿವಿನೋವಿನ ಜೊತೆ ಕಣ್ಣಲ್ಲೂ ಗೀಜು ಬಂದರೆ ಡಾಕ್ಟರುಗಳ ಮೊದಲ ಅನುಮಾನ ಈ ಬರಿಮೈಯವನ ಮೇಲೆ. ಅದಕ್ಕೇ ಮೇಡಂ ಮೊದಲು ಕಣ್ಣು ನೋಡಿದ್ದು. ಹಾಗಂತ ನಮ್ಮ ಮಗನ ಕಿವಿಯಲ್ಲಿ ಇದ್ದವನು ಅವನೇ ಅಂತ ಯಾರೂ ಪ್ರಮಾಣ ಮಾಡಲಾರರು. ಖಚಿತ ಆಗಬೇಕೆಂದರೆ ತಮಟೆಗೆ ಸೂಜಿ ಹಾಕಿ ಕೀವು ತೆಗೆದು ಲ್ಯಾಬಿಗೆ ಕಳಿಸಬೇಕು. ಸಾಮಾನ್ಯ ಕಿವಿನೋವಿಗೆ ಅದನ್ನು ಯಾರೂ ಮಾಡುವುದಿಲ್ಲ, ನಾನೂ ಒಪ್ಪುತ್ತಿರಲಿಲ್ಲ.

ಔಷಧಿ ಆರಿಸುವಾಗ ಈ ಅನುಮಾನ ಕೆಲಸಕ್ಕೆ ಬರುತ್ತದೆ. ಹೀಮೋಫಿಲಸ್‌ಗಳಲ್ಲಿ ಬಹಳಷ್ಟು, ಮೊರಾಕ್ಸೆಲ್ಲಾಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ, ಅಮಾಕ್ಸಿಸಿಲಿನ್ ಔಷಧಿಯನ್ನು ಕತ್ತರಿಸಿ ಹಾಕುವ ಒಂದು ಕಿಣ್ವ ಬಿಡುತ್ತವೆ. ಆ ಕತ್ತರಿಯನ್ನು ಹಿಡಿದು ನಿಲ್ಲಿಸಲು ಕ್ಲಾವುಲನೇಟ್ ಸೇರಿಸುತ್ತಾರೆ. ಹಾಗಾಗಿ ನಮಗೆ ಬರೆದದ್ದು ಎರಡೂ ಸೇರಿದ ಸಿರಪ್. ಕಣ್ಣಲ್ಲಿ ಗೀಜಿಲ್ಲದೆ, ಒಂದೇ ಕಿವಿಯಲ್ಲಿ ಸಣ್ಣ ನೋವು, ಜ್ವರವೂ ಅಷ್ಟಿಲ್ಲದಿದ್ದರೆ ಎರಡು ವರ್ಷ ದಾಟಿದ ಮಗುವಿಗೆ ಎರಡು ಮೂರು ದಿನ ನೋವಿನ ಔಷಧಿ ಕೊಟ್ಟು ಕಾದು ನೋಡೋಣ ಅನ್ನುತ್ತಿದ್ದರಂತೆ. ಕೇಳಿದ ಕೂಡಲೇ ಆಂಟಿಬಯೋಟಿಕ್ ಬರೆಯದೆ ಯಾಕೆ ಬರೆದೆ ಅಂತ ಹೇಳುವ ಡಾಕ್ಟರ್ ಸಿಗುವುದು ಅಪರೂಪ.

ಸಿರಪ್ ಬಗ್ಗೆ ಒಂದು ಮಾತು ಹೇಳಲೇಬೇಕು, ಇದರಲ್ಲಿ ನಾನೇ ತಪ್ಪು ಮಾಡಿದೆ. ಬಾಟಲಿಯಲ್ಲಿ ಪುಡಿ ಇರುತ್ತದೆ. ಕಾಯಿಸಿ ಆರಿಸಿದ ನೀರನ್ನು ಗೆರೆವರೆಗೆ ಹಾಕಬೇಕು. ನಾನು ಗೆರೆವರೆಗೆ ಹಾಕಿ ಅಲುಗಾಡಿಸಿ ಚಮಚಕ್ಕೆ ಬಗ್ಗಿಸಿಬಿಟ್ಟೆ. ಹೆಂಡತಿ ಬಾಟಲಿ ಕಸಿದುಕೊಂಡು ಬೆಳಕಿಗೆ ಹಿಡಿದಳು. ನೊರೆ ಇಳಿದ ಮೇಲೆ ಔಷಧಿ ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಅಲುಗಾಡಿಸಿ, ನೊರೆ ಇಳಿಸಿ, ಮತ್ತೆ ಗೆರೆ ಮುಟ್ಟುವಷ್ಟು ನೀರು ಸೇರಿಸಿ, ಮತ್ತೆ ಅಲುಗಾಡಿಸಬೇಕು. ಇಲ್ಲವಾದರೆ ಔಷಧಿ ಗಟ್ಟಿಯಾಗಿ ಡೋಸ್ ಏರುಪೇರು ಆಗುತ್ತದೆ, ಕೊನೆಯ ದಿನಕ್ಕೆ ಸಾಲುವುದೂ ಇಲ್ಲ. ದಿನಾ ಪಂಪಿನ ಪ್ರೈಮಿಂಗ್ ಬಗ್ಗೆ ಊರಿಗೆಲ್ಲ ಪಾಠ ಹೇಳುವವನು ನಾನು! ಫ್ರಿಜ್ಜಿನಲ್ಲಿ ಇಟ್ಟೆವು, ಎರಡು ದಿನ ಭೇದಿ ಆಯಿತು, ಮಜ್ಜಿಗೆ ಅನ್ನ ಕೊಟ್ಟೆವು, ಮೂರನೇ ದಿನಕ್ಕೆ ಜ್ವರ ಇಳಿಯಿತು.

ಅದೇ ವಾರ ಹಾವೇರಿ ಕಡೆ ಊರಿನಿಂದ ಅಪ್ಪ ಬಂದಿದ್ದರು. ಮೂವತ್ತು ವರ್ಷ ಹತ್ತಿ ಬೆಳೆದ ಮನುಷ್ಯ. ಕಳ್ಳರ ಕಥೆ, ಅಂಗಿಯ ಕಥೆ ಎಲ್ಲಾ ಹೇಳಿದೆ. ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿ, "ಇದು ನಮ್ಮ ಬಿಟಿ ಹತ್ತಿ ಕತಿನ ಆತಲ್ಲೋ ತಮ್ಮಾ" ಅಂದರು. "ಕಾಯಿಕೊರಕ ಹೋತು ಅಂತ ನಾವು ಕುಣದಾಡಿದ್ವಿ. ಹಿಂದಿಂದ ಹೇನು ಬಂತು, ನುಸಿ ಬಂತು, ಜಿಗಿಹುಳ ಬಂತು. ಆಮ್ಯಾಲ ಗುಲಾಬಿ ಹುಳ ಅದನ್ನೂ ಜೀರ್ಣಿಸ್ಕೊಂತು."

ನಾನು ಎಷ್ಟು ಓದಿದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ. ಕಾಯಿಕೊರಕ ಹುಳವನ್ನು ಕೊಲ್ಲುವ ವಿಷ ಗಿಡದಲ್ಲೇ ಇರುವ ಬಿಟಿ ಹತ್ತಿಗೆ ಇಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅಮೆರಿಕದಲ್ಲಿ ಏಳು ನಮೂನೆಯ ಪಿಸಿವಿ ಬಂದದ್ದು 2000ದಲ್ಲಿ. ಎರಡೂ ಹೊಲದಲ್ಲಿ ನಡೆದದ್ದು ಒಂದೇ ನಾಟಕ. ಫಿನ್ಲೆಂಡಿನಲ್ಲಿ 1,662 ಕೂಸುಗಳ ಮೇಲೆ ಮಾಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಪ್ರತಿ ಸಲ ಕಿವಿ ಬಾತಾಗ ಸೂಜಿ ಹಾಕಿ ಕೀವು ತೆಗೆದು ನೋಡಿದವರು ಇವರು. ಲಸಿಕೆಯಲ್ಲಿದ್ದ ನಮೂನೆಗಳಿಂದ ಬರುವ ಕಿವಿ ಸೋಂಕು ಶೇಕಡಾ 57 ಇಳಿಯಿತು. ಲಸಿಕೆಯಲ್ಲಿ ಇಲ್ಲದ ನಮೂನೆಗಳದ್ದು ಶೇಕಡಾ 33 ಏರಿತು. ಒಟ್ಟು ಕಿವಿ ಸೋಂಕು ಕಡಿಮೆ ಆದದ್ದು ಶೇಕಡಾ 6 ಮಾತ್ರ. ಆರು! ನನ್ನ ಅಂಗಡಿಯಲ್ಲಿ ಇದಕ್ಕಿಂತ ಜಾಸ್ತಿ ಡಿಸ್ಕೌಂಟ್ ಚೌಕಾಸಿ ಮಾಡದೇ ಸಿಗುತ್ತದೆ.

ಆಮೇಲೆ ಅಮೆರಿಕದಲ್ಲಿ ಖಾಲಿ ಆದ ಜಾಗಕ್ಕೆ 19ಎ ಎಂಬ ನಮೂನೆ ಬಂದು ಕೂತಿತು. ರೋಚೆಸ್ಟರ್ ಎಂಬ ಊರಿನ ಡಾಕ್ಟರುಗಳು 2007ರಲ್ಲಿ ಬರೆದದ್ದನ್ನು ಓದಿದರೆ ಗಾಬರಿ ಆಗುತ್ತದೆ. ಮಕ್ಕಳ ಕಿವಿಗೆ ಅಲ್ಲಿ ಒಪ್ಪಿಗೆ ಇದ್ದ ಯಾವ ಆಂಟಿಬಯೋಟಿಕ್‌ಗೂ ಜಗ್ಗದ 19ಎ ಅವರಿಗೆ ಸಿಕ್ಕಿತ್ತು. 2010ರಲ್ಲಿ ಹದಿಮೂರು ನಮೂನೆಯ ಲಸಿಕೆ ಬಂತು, ಅದರಲ್ಲಿ 19ಎ ಸೇರಿಸಿದರು, ಅವನು ಇಳಿದ. ಆಮೇಲೆ 35ಬಿ ಥರದವರು ಎದ್ದರು. ಈ ನಡುವೆ ಬರಿಮೈಯ ಹೀಮೋಫಿಲಸ್ ಕಿವಿಯಲ್ಲಿ ನ್ಯುಮೋಕಾಕಸ್‌ಗೆ ಸರಿಸಮ, ಕೆಲವು ಕಡೆ ಮುಂದೆ. ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಮಾಡಿದ ಹತ್ತು ನಮೂನೆಯ ಲಸಿಕೆ 2020ರ ಕೊನೆಯಲ್ಲಿ ಬಂತು, ಅದರಲ್ಲಿ 19ಎ ಇದೆ. ಪಾಠ ಕಲಿತು ಬಂದ ಹುಡುಗ.

ಅಷ್ಟಾದರೆ ಮೂರು ಸ್ಟಾರ್ ಕೂಡ ಜಾಸ್ತಿ ಅನ್ನುತ್ತೀರಿ. ತಡೀರಿ. ಇಸ್ರೇಲ್‌ನ ದಕ್ಷಿಣ ಭಾಗದಲ್ಲಿ 2009ರಲ್ಲಿ ಏಳರ ಲಸಿಕೆ, ಮರುವರ್ಷ ಹದಿಮೂರರದ್ದು ಕೊಟ್ಟರು. ಅಲ್ಲಿಯೂ ಕಿವಿಯ ಕೀವು ತೆಗೆದು ನೋಡುತ್ತಾರೆ. ಲಸಿಕೆಯ ನಮೂನೆಗಳು ಹೆಚ್ಚುಕಡಿಮೆ ಮಾಯವಾದವು, ಅದು ನಿರೀಕ್ಷೆ ಇದ್ದದ್ದೇ. ಜೊತೆಗೆ ಹೀಮೋಫಿಲಸ್‌ನಿಂದ ಬರುವ ಕಿವಿ ಸೋಂಕೂ ಇಳಿಯಿತು. ಲಸಿಕೆಯಲ್ಲಿ ಇಲ್ಲದವನು ಯಾಕೆ ಇಳಿದ? ಅವರು ಕೊಡುವ ವಿವರಣೆ ನನಗೆ ಸರಿ ಅನ್ನಿಸಿತು. ಎಳೆ ವಯಸ್ಸಿನಲ್ಲಿ ಮೊದಲ ಸಲ ಕಿವಿ ಕೆಡಿಸುವವನು ಬಹಳ ಸಲ ನ್ಯುಮೋಕಾಕಸ್. ಅವನು ಒಳಗಿನ ಗೋಡೆ ಕೆಡಿಸಿ ಹೋದ ಮೇಲೆ ಹೀಮೋಫಿಲಸ್ ಬಂದು ಅಂಟಿನ ಪದರ ಕಟ್ಟಿಕೊಂಡು ಮನೆ ಮಾಡುತ್ತಾನೆ, ಆಮೇಲೆ ಎಬ್ಬಿಸುವುದು ಕಷ್ಟ. ಮೊದಲನೆಯವನು ಬರದಂತೆ ತಡೆದರೆ ಎರಡನೆಯವನಿಗೆ ಸಿದ್ಧ ಮನೆ ಸಿಗುವುದಿಲ್ಲ. ಅಪ್ಪನಿಗೆ ಇದನ್ನೂ ಹೇಳಿದೆ. "ಹಂಗಾರ ನಮ್ಮ ಹತ್ತಿಗಿಂತ ಚಲೋ ಐತಿ ಬಿಡು" ಅಂದರು. ಅಪ್ಪನ ಕಡೆಯಿಂದ ಇದು ದೊಡ್ಡ ಸರ್ಟಿಫಿಕೇಟು.

ಅಮೆರಿಕದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಲಸಿಕೆ ಬರುವ ಮೊದಲು ಬಾಸ್ಟನ್‌ನಲ್ಲಿ ಮೂರು ವರ್ಷದೊಳಗೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಒಮ್ಮೆಯಾದರೂ ಕಿವಿ ಸೋಂಕು ಆಗುತ್ತಿತ್ತು. ಲಸಿಕೆ ಬಂದ ಮೇಲೆ ರೋಚೆಸ್ಟರ್‌ನಲ್ಲಿ ಅದು ಅರವತ್ತು. ಊರು ಬೇರೆ, ಕಾಲ ಬೇರೆ, ಡಾಕ್ಟರುಗಳು ಕಿವಿ ನೋಡಿ ತೀರ್ಮಾನಿಸುವ ಕ್ರಮವೂ ಬಿಗಿಯಾಗಿದೆ, ಹಾಗಾಗಿ ಇಳಿದದ್ದೆಲ್ಲ ಲಸಿಕೆಯ ಖಾತೆಗೆ ಜಮಾ ಮಾಡಲು ಆಗುವುದಿಲ್ಲ. ಆದರೂ ಅರವತ್ತು ಅರವತ್ತೇ. ನನ್ನ ಮಗ ಆ ಅರವತ್ತರಲ್ಲಿ ಒಬ್ಬ ಅಂದುಕೊಂಡರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಮಗಳಿಗೆ ಎರಡು ವರ್ಷದೊಳಗೆ ಐದಾರು ಸಲ, ಮಗನಿಗೆ ಎರಡೂವರೆ ವರ್ಷಕ್ಕೆ ಒಂದು ಸಲ. ಇಬ್ಬರು ಮಕ್ಕಳಿಂದ ಏನೂ ಸಾಬೀತಾಗುವುದಿಲ್ಲ ಅಂತ ಗೊತ್ತು. ಮಗಳ ಕಾಲಕ್ಕೆ ಮನೆಯಲ್ಲಿ ಒಲೆ ಹೊಗೆ ಇತ್ತು, ಮಲಗಿಸಿಯೇ ಬಾಟಲಿ ಹಾಲು ಕೊಡುತ್ತಿದ್ದೆವು, ಅವೆರಡೂ ಕಿವಿಗೆ ಕೆಟ್ಟವು. ಮಗನಿಗೆ ಅವೆರಡೂ ಇಲ್ಲ.

ಸ್ಟಾರ್ ಲೆಕ್ಕ ಹೀಗೆ. ಎದೆಗೆ, ಮಿದುಳಿಗೆ, ರಕ್ತಕ್ಕೆ ಐದು, ಮರು ಮಾತಿಲ್ಲ, ಅದಕ್ಕಾಗಿಯೇ ಮಾಡಿದ ವಸ್ತು. ಕಿವಿಗೆ ಮೂರು. ಗುರುವಾರದ ಸಿಸ್ಟರ್‌ಗೆ ಐದರ ಮೇಲೆ ಇದ್ದಿದ್ದರೆ ಅದನ್ನೂ ಕೊಡುತ್ತಿದ್ದೆ. ಒಂದೇ ತಕರಾರು, "ಕಿವಿ ಸೋರೂದೂ ಕಡಿಮಿ ಆಕ್ಕೈತಿ" ಅನ್ನುವಾಗ ನಮ್ಮಂಥವರ ಕಿವಿಗೆ ಅದು "ಕಿವಿ ಸೋರಂಗಿಲ್ಲ" ಅಂತ ಕೇಳಿಸುತ್ತದೆ. ತಪ್ಪು ಕೇಳಿಸಿಕೊಂಡವನು ನಾನೇ ಬಿಡಿ. ನನ್ನ ತಮ್ಮನ ಮಗಳಿಗೆ ಬರುವ ಗುರುವಾರ ಎರಡನೇ ಡೋಸ್. "ಕಿವಿಗೂ ಆತು ಅಲ್ಲ ಅಣ್ಣಾ?" ಅಂತ ಅವನು ಕೇಳಿದಾಗ ನಾನು ಮೊದಲು ಕಳ್ಳರ ಕಥೆ ಹೇಳಿದೆ, ಆಮೇಲೆ ಹೋಗಿ ಹಾಕಿಸು ಅಂದೆ.

ಅಪ್‌ಡೇಟ್, ಅಕ್ಟೋಬರ್: ಜ್ವರ ಹೋದ ಮೇಲೂ ಮಗ ಕರೆದರೆ ತಿರುಗುತ್ತಿರಲಿಲ್ಲ, ಟಿವಿ ಸೌಂಡ್ 24ಕ್ಕೆ ಇಡುತ್ತಿದ್ದ. ಮೇಡಂ ನೋಡಿ, ತಮಟೆಯ ಹಿಂದೆ ಇನ್ನೂ ನೀರು ಉಳಿದಿದೆ, ಇದಕ್ಕೆ ಆಂಟಿಬಯೋಟಿಕ್ ಬೇಡ, ಹೆಚ್ಚಿನ ಮಕ್ಕಳಿಗೆ ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ, ಇಂಗದಿದ್ದರೆ ಕಿವಿ ಪರೀಕ್ಷೆ ಮಾಡೋಣ ಅಂದರು. ಹೆಂಡತಿ ಕ್ಯಾಲೆಂಡರ್ ಮೇಲೆ ಪ್ರತಿ ಭಾನುವಾರ ಟಿವಿಯ ನಂಬರ್ ಬರೆಯುತ್ತಾ ಬಂದಳು. 24, 24, 22, 19. ಹೋದ ಭಾನುವಾರ 13. ಅವತ್ತೇ ಅಪ್ಪ ಊರಿಂದ ಫೋನ್ ಮಾಡಿ ಎಂದಿನ ಹಾಗೆ ಹೊಲದ ಆ ಕಡೆಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದರು. ಹುಡುಗ ಫೋನನ್ನು ಕಿವಿಯಿಂದ ದೂರ ಹಿಡಿದು, "ಅಜ್ಜಾ, ಸಾವಕಾಶ ಮಾತಾಡು" ಅಂದ.